ಬರೆದು ತಿನ್ನುವ ಹಣ್ಣು

ವಿಜಯಪುರದಲ್ಲಿ ಕುಳಿತು ಮರಸೇಬಿನ, ಅಂದರೆ ಪೇರ್ಸ್ ಹಣ್ಣಿನ, ಚಿತ್ರ ಬರೆಯುವವನನ್ನು ಕಂಡವರು ಸಾಮಾನ್ಯವಾಗಿ ಕೇಳುವುದು ಒಂದೇ ಮಾತು: ನಮ್ಮ ನೆಲದಲ್ಲಿ ಬೆಳೆಯದ ಹಣ್ಣಿನ ಮೇಲೆ ಇಷ್ಟೊಂದು ಮೋಹ ಯಾಕೆ? ಈ ಪ್ರಶ್ನೆಯಲ್ಲಿ ನ್ಯಾಯವಿದೆ. ಇದು ದ್ರಾಕ್ಷಿ, ದಾಳಿಂಬೆ, ಲಿಂಬೆಗಳ ಸೀಮೆ. ತಿಕೋಟಾದ ಕಡೆಗೆ ಹೊರಟರೆ ದ್ರಾಕ್ಷಿಯ ತೋಟಗಳು, ಇಂಡಿಯ ಕಡೆಗೆ ಹೊರಟರೆ ಲಿಂಬೆಯ ಗಿಡಗಳು, ಕೃಷ್ಣೆಯನ್ನು ದಾಟಿ ಬಾಗಲಕೋಟೆಯ ದಾರಿ ಹಿಡಿದರೆ ದಾಳಿಂಬೆ. ಮರಸೇಬಿನ ಗಿಡ ಬೇಡುವ ಚಳಿ ನಮ್ಮಲ್ಲಿಲ್ಲ. 7 ಡಿಗ್ರಿಗಿಂತ ಕೆಳಗಿನ ತಂಪಿನಲ್ಲಿ ನೂರಾರು ಗಂಟೆಗಳನ್ನು ಕಳೆದ ಮೇಲಷ್ಟೇ ಅದರ ಬಹುತೇಕ ತಳಿಗಳ ಮೊಗ್ಗುಗಳು ಸರಿಯಾಗಿ ಒಡೆಯುತ್ತವೆ. ನಮ್ಮಲ್ಲಿ ಬೇಸಿಗೆ 40 ಡಿಗ್ರಿಯನ್ನು ದಾಟುತ್ತದೆ, ಚಳಿಗಾಲವೆಂದರೆ ಬೆಳಗಿನ ಜಾವ ಹೊದಿಕೆ ಬೇಕೆನಿಸುವ ಕೆಲವು ವಾರಗಳು ಮಾತ್ರ. ಹೀಗಾಗಿ ಗಾಂಧಿ ಚೌಕದ ಗಾಡಿಗಳಲ್ಲಿಯಾಗಲಿ, ಎಲ್‌ಬಿಎಸ್ ಮಾರುಕಟ್ಟೆಯಲ್ಲಿಯಾಗಲಿ ಕಾಣುವ ಮರಸೇಬೆಲ್ಲವೂ ದೂರದಿಂದ ಲಾರಿಯಲ್ಲಿ ಬಂದದ್ದು.

ಮಳೆಗಾಲದಲ್ಲಿ ನೀಲಗಿರಿ, ಕೊಡೈಕೆನಾಲ್ ಕಡೆಯ ಗಟ್ಟಿಯಾದ ಹಸಿರು ಕಾಯಿ ಬರುತ್ತದೆ. ಗಣೇಶ ಚವತಿಯ ಆಸುಪಾಸಿನಲ್ಲಿ ಕಾಶ್ಮೀರ, ಹಿಮಾಚಲಗಳ ಬಬ್ಬುಗೋಶಾ ಎಂಬ ಉದ್ದ ಕೊರಳಿನ ಮರಸೇಬು ಬರುತ್ತದೆ. ಉಳಿದ ಕಾಲದಲ್ಲಿ ಹೊರದೇಶದ ಹಣ್ಣು, ಒಂದೊಂದಕ್ಕೂ ಜಾಳಿಗೆಯ ಅಂಗಿ ತೊಡಿಸಿಕೊಂಡು, ಸೇಬಿನ ಪಕ್ಕದಲ್ಲಿ ಏರಿದ ಬೆಲೆಗೆ ಕುಳಿತಿರುತ್ತದೆ. ಮಾರುವವರು ಅದನ್ನು ನಾಸಪತಿ ಎಂದೋ ಪೇರ್ಸ್ ಎಂದೋ ಕೂಗುತ್ತಾರೆ. ನಾನು ಮೂರು ಬಗೆಯನ್ನೂ ಬರೆಯುತ್ತೇನೆ, ಮೂರು ಬಗೆಯನ್ನೂ ತಿನ್ನುತ್ತೇನೆ, ಮತ್ತು ಈ ಎರಡು ಕೆಲಸಗಳು ಬೇರೆ ಬೇರೆ ಎಂದು ನನಗೆ ಅನ್ನಿಸಿಲ್ಲ.

ಮನೆಯ ಹಣ್ಣುಗಳನ್ನು ಬಿಟ್ಟು ಇದನ್ನೇ ಹಿಡಿದದ್ದಕ್ಕೆ ನನ್ನ ಕಾರಣ ಸ್ಪಷ್ಟವಾಗಿದೆ. ನಮ್ಮ ಮನೆಗಳಲ್ಲಿ ಹಣ್ಣು ಬರೀ ಹಣ್ಣಾಗಿ ಇರುವುದು ಅಪರೂಪ. ತೆಂಗಿನಕಾಯಿಯನ್ನು ಕಂಡ ಕೂಡಲೇ ಗುಡಿಯ ಮೆಟ್ಟಿಲು ನೆನಪಾಗುತ್ತದೆ. ಬಾಳೆಹಣ್ಣು ಉಡಿ ತುಂಬುವ ತಾಟಿನಲ್ಲಿ ಎಲೆ, ಅಡಿಕೆ, ಉತ್ತತ್ತಿ, ಅರಿಷಿಣದ ಬೇರಿನ ಜೊತೆಗೆ ಕುಳಿತಿರುತ್ತದೆ. ಕುಂಬಳಕಾಯಿ ಹೊಸ ಮನೆಯ ಬಾಗಿಲಿಗೆ ಹೋಗಿ ತೂಗುತ್ತದೆ. ಲಿಂಬೆಯಂತೂ ಹೊಸ ಗಾಡಿಯ ಗಾಲಿಯ ಕೆಳಗೆ, ಅಂಗಡಿಯ ಹೊಸ್ತಿಲಿನ ಮೇಲೆ ಮೆಣಸಿನಕಾಯಿಯ ಸಂಗಡ, ದೇವಿಯ ಕೊರಳಿನ ಹಾರದಲ್ಲಿ ಎಲ್ಲೆಲ್ಲೂ ಇದೆ. ಅದನ್ನು ಒಂಟಿಯಾಗಿ ಬಿಳಿಯ ಬಟ್ಟೆಯ ಮೇಲಿಟ್ಟು ಬರೆದರೆ ನೋಡಲು ಬಂದವರು ‘ಇದೇನು ಮಂತ್ರಿಸಿದ್ದೇನ್ರೀ?’ ಎಂದು ಮನಃಪೂರ್ವಕವಾಗಿಯೇ ಕೇಳುತ್ತಾರೆ. ದಾಳಿಂಬೆಯ ಬೀಜವನ್ನು ಕವಿಗಳು ಹಲ್ಲಿಗೆ ಕೊಟ್ಟುಬಿಟ್ಟಿದ್ದಾರೆ. ಮಾವು ಯುಗಾದಿಗೆ, ತೋರಣಕ್ಕೆ ಸೇರಿದೆ.

ಇದರಲ್ಲಿ ನನಗೆ ಯಾವ ಆಕ್ಷೇಪವೂ ಇಲ್ಲ. ಆ ಅರ್ಥಗಳನ್ನೇ ಬರೆಯಬೇಕೆಂದು ಕುಳಿತಾಗ ಅವುಗಳಷ್ಟು ಸಮೃದ್ಧವಾದ ವಸ್ತುಗಳು ಬೇರೆ ಇಲ್ಲ. ಆದರೆ ಬೆಳಕು ಒಂದು ದುಂಡು ಮೈಯನ್ನು ಸುತ್ತಿ ಹೋಗುವುದನ್ನು ಮಾತ್ರ ನೋಡಬೇಕು, ಬೇರೇನನ್ನೂ ನೋಡಬಾರದು ಎಂದಾಗ ನಮ್ಮ ಹಣ್ಣುಗಳು ಕಣ್ಣಿಗಿಂತ ಮೊದಲು ಮನಸ್ಸನ್ನು ಹಿಡಿಯುತ್ತವೆ. ಮರಸೇಬಿಗೆ ನಮ್ಮಲ್ಲಿ ಶಾಸ್ತ್ರವಿಲ್ಲ, ಗಾದೆಯಿಲ್ಲ, ಹರಕೆಯಿಲ್ಲ, ದೃಷ್ಟಿ ತೆಗೆಯುವ ಕೆಲಸವಿಲ್ಲ. ಮೇಜಿನ ಮೇಲಿಟ್ಟರೆ ಅದು ಆಕಾರ, ಬಣ್ಣ, ತೂಕ, ನೆರಳು, ಅಷ್ಟೇ. ಈ ಬಿಡುಗಡೆಯನ್ನು ನನಗೆ ಕೊಟ್ಟ ಹಣ್ಣು ಇದೊಂದೇ, ಮತ್ತು ನನ್ನ ಪ್ರೀತಿಯ ಬೇರು ಇಲ್ಲಿಯೇ ಇದೆ.

ಯುರೋಪಿನ ಚಿತ್ರಕಾರನಿಗೆ ಈ ಅನುಕೂಲ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಅಲ್ಲಿ ಮರಸೇಬು ನಮ್ಮ ತೆಂಗಿನಕಾಯಿಯಷ್ಟೇ ಅರ್ಥಭಾರವನ್ನು ಹೊತ್ತಿತ್ತು. ವೆನಿಸ್ಸಿನ ಜೊವಾನ್ನಿ ಬೆಲ್ಲಿನಿ ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ಬರೆದ, ಈಗ ಬೆರ್ಗಾಮೊ ನಗರದಲ್ಲಿರುವ ಮೇರಿ ಮತ್ತು ಬಾಲಯೇಸುವಿನ ಚಿತ್ರದಲ್ಲಿ ಮುಂದಿನ ಕಟ್ಟೆಯ ಮೇಲೆ ಒಂದು ಮರಸೇಬು ಇದೆ. ಜರ್ಮನಿಯ ಡ್ಯೂರರ್ 1512ರಲ್ಲಿ ಬರೆದ ಮೇರಿಯ ಮಡಿಲಿನ ಮಗು ಅದರ ಹೋಳನ್ನು ಹಿಡಿದುಕೊಂಡಿದೆ. 1831ರಲ್ಲಿ ಫ್ರಾನ್ಸಿನ ಫಿಲಿಪೋಂ ಎಂಬ ಪತ್ರಿಕೆಯ ಒಡೆಯ ದೊರೆ ಲೂಯಿ ಫಿಲಿಪ್ಪನ ಮುಖ ನಾಲ್ಕು ಹಂತಗಳಲ್ಲಿ ಮರಸೇಬಾಗುವುದನ್ನು ಗೆರೆಗಳಲ್ಲಿ ತೋರಿಸಿದ, ಹೋಲಿಕೆಯೇ ಅಪರಾಧವಾದರೆ ಎಲ್ಲ ಮರಸೇಬುಗಳಿಗೂ ಶಿಕ್ಷೆ ಕೊಡಬೇಕಾದೀತು ಎಂದು ನ್ಯಾಯಾಲಯದಲ್ಲಿ ವಾದಿಸಿದ, ಆದರೂ ಸೆರೆವಾಸ ತಪ್ಪಲಿಲ್ಲ. ಆಮೇಲೆ ಬಹಳ ಕಾಲ ಅಲ್ಲಿ ಗೋಡೆಯ ಮೇಲೆ ಮರಸೇಬನ್ನು ಗೀಚಿದರೂ ಸಾಕು, ಜನರಿಗೆ ಅದು ದೊರೆಯೆಂದು ತಿಳಿಯುತ್ತಿತ್ತು.

ನಮ್ಮ ದೇಶಕ್ಕೂ ಈ ಹಣ್ಣು ಹೊಸದೇನಲ್ಲ. ಏಳನೆಯ ಶತಮಾನದಲ್ಲಿ ಬಂದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಬಾದಾಮಿಯ ಇಮ್ಮಡಿ ಪುಲಕೇಶಿಯ ರಾಜ್ಯವನ್ನೂ, ಅಲ್ಲಿನ ಜನರ ಸ್ವಾಭಿಮಾನವನ್ನೂ ವರ್ಣಿಸಿದ್ದು ನಮಗೆಲ್ಲ ಗೊತ್ತಿದೆ. ಅದೇ ಯಾತ್ರಿಕ ಪಂಜಾಬದ ಒಂದು ಪ್ರಾಂತದ ಬಗ್ಗೆ ಬರೆಯುತ್ತ, ಕನಿಷ್ಕನ ಕಾಲದಲ್ಲಿ ಒತ್ತೆಯಾಗಿ ಬಂದು ಅಲ್ಲಿ ಉಳಿದಿದ್ದ ಚೀನಾದ ಕಡೆಯವರಿಂದ ಪೀಚ್ ಹಾಗೂ ಮರಸೇಬು ಈ ನೆಲಕ್ಕೆ ಬಂದವೆಂದೂ, ಅಲ್ಲಿಯ ಜನ ಮರಸೇಬನ್ನು ಚೀನರಾಜಪುತ್ರ ಎಂದು ಕರೆಯುತ್ತಿದ್ದರೆಂದೂ ಹೇಳಿದ್ದಾನೆ. ರಾಜಪುತ್ರನ ಆ ಹೆಸರು ದಕ್ಷಿಣದವರೆಗೆ ಇಳಿದು ಬರಲಿಲ್ಲ. ಬಂದಿದ್ದರೆ ಇಷ್ಟು ಹೊತ್ತಿಗೆ ಅದಕ್ಕೂ ಒಂದು ವ್ರತ ಹುಟ್ಟಿಕೊಂಡಿರುತ್ತಿತ್ತು.

ಇನ್ನು ಆಕಾರದ ಮಾತು. ಹೈಸ್ಕೂಲಿನ ಮಕ್ಕಳಿಗೆ ಚಿತ್ರಕಲೆಯ ಗ್ರೇಡ್ ಪರೀಕ್ಷೆಗಾಗಿ ವಸ್ತುಚಿತ್ರ, ಅಂದರೆ ಎದುರಿಗಿಟ್ಟ ವಸ್ತುಗಳನ್ನು ನೋಡಿ ಬರೆಯುವುದನ್ನು, ಕಲಿಸುವಾಗ ನಾವು ಬಿಂದಿಗೆ, ತಂಬಿಗೆ, ಡಬ್ಬಿಗಳನ್ನು ಇಡುತ್ತೇವೆ. ನಡುವೆ ಒಂದು ನೆಟ್ಟ ಗೆರೆ ಎಳೆದು, ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ ಅಳತೆ ಹಿಡಿದು ಎರಡೂ ಬದಿಗಳನ್ನು ಸರಿದೂಗಿಸಬೇಕೆಂದು ಹೇಳಿಕೊಡುತ್ತೇವೆ. ತಿಗರಿಯ ಮೇಲೆ ಹುಟ್ಟಿದ ಪಾತ್ರೆಗೆ ಆ ವಿಧಾನ ಸರಿಯಾಗಿದೆ. ಮರಸೇಬಿಗೆ ಅದು ಒಗ್ಗುವುದೇ ಇಲ್ಲ. ಅದರ ತೊಟ್ಟಿನಿಂದ ತಳದವರೆಗೆ ಒಂದು ಗೆರೆ ಹಾಯಿಸಿ ನೋಡಿದರೆ ಆ ಗೆರೆ ನೆಟ್ಟಗಿರುವುದಿಲ್ಲ. ಕೊರಳಿನಲ್ಲಿ ಒಂದು ಕಡೆಗೆ ಬಾಗಿ, ಹೊಟ್ಟೆಯಲ್ಲಿ ಇನ್ನೊಂದು ಕಡೆಗೆ ತಿರುಗುತ್ತದೆ. ಒಂದು ಭುಜ ಎತ್ತರ, ಇನ್ನೊಂದು ತಗ್ಗು. ಕಟ್ಟೆಯ ಮೇಲೆ ಕುಳಿತ ಹಿರಿಯರು ಪಕ್ಕದವರ ಮಾತು ಕೇಳಲು ಸ್ವಲ್ಪ ವಾಲಿದಂತೆ ಪ್ರತಿಯೊಂದು ಹಣ್ಣೂ ತನ್ನದೇ ಆದ ಒಂದು ವಾಲಿಕೆಯನ್ನು ಇಟ್ಟುಕೊಂಡಿರುತ್ತದೆ, ಅದನ್ನು ಹಿಡಿಯದಿದ್ದರೆ ಹಾಳೆಯ ಮೇಲೆ ಬರುವುದು ಮರಸೇಬಲ್ಲ, ವಿದ್ಯುತ್ ಬಲ್ಬು.

ಆದ್ದರಿಂದಲೇ ನಾನು ವಿದ್ಯಾರ್ಥಿಗಳಿಗೆ ಹೊರಗೆರೆಯಿಂದ ಆರಂಭಿಸಬೇಡಿ ಎನ್ನುತ್ತೇನೆ. ಮೊದಲು ಭಾರ ಎಲ್ಲಿದೆ ನೋಡಬೇಕು. ಮರಸೇಬಿನ ತೂಕವೆಲ್ಲ ಕೆಳಗಿನ ಹೊಟ್ಟೆಯಲ್ಲಿ ಇರುವುದರಿಂದ ಅದು ಸೇಬಿನ ಹಾಗೆ ಸುಮ್ಮನೆ ಕೂಡುವುದಿಲ್ಲ, ನಿಲ್ಲುತ್ತದೆ. ಇದ್ದಿಲಿನ ತುಂಡನ್ನು ಅಡ್ಡ ಹಿಡಿದು ಹೊಟ್ಟೆಯ ದುಂಡನ್ನು ಒಂದು ಕಪ್ಪು ಮೋಡದಂತೆ ತೀಡಿ, ಅದರ ಮೇಲೆ ಕೊರಳಿನ ಚಿಕ್ಕ ದುಂಡನ್ನು ಸೇರಿಸಿ, ಇವೆರಡೂ ಕೂಡುವಲ್ಲಿ ಮೈ ಒಳಗೆ ಇಳಿಯುವ ತಗ್ಗನ್ನು ಹುಡುಕಬೇಕು. ಆ ತಗ್ಗಿನಲ್ಲಿಯೇ ಚಿತ್ರದ ಸೋಲು-ಗೆಲುವು ಇದೆ. ಉಬ್ಬು ಮೈಗಳನ್ನು ಬರೆಯುವುದು ಎಲ್ಲರಿಗೂ ಬೇಗ ಬರುತ್ತದೆ. ಉಬ್ಬು ತಗ್ಗಾಗಿ ಮತ್ತೆ ಉಬ್ಬಾಗುವ ಜಾಗದಲ್ಲಿ ಬೆಳಕು ಹೇಗೆ ಕಡಿದು ಹೋಗದೆ ಹರಿಯುತ್ತದೆ ಎಂಬುದನ್ನು ಕಲಿಯುವುದಕ್ಕೆ ಮನುಷ್ಯರ ಬೆನ್ನು ಇಲ್ಲವೇ ಈ ಹಣ್ಣು ಬೇಕು. ಮರಸೇಬನ್ನು ಮಲಗಿಸಿ ಅದರ ತಳ ನಮ್ಮ ಕಡೆಗೆ ಬರುವಂತೆ ಇಟ್ಟರೆ, ದೊಡ್ಡ ದುಂಡಿನ ಹಿಂದೆ ಚಿಕ್ಕ ದುಂಡು ಅಡಗಿ, ತೊಟ್ಟಿನ ತುದಿ ಮಾತ್ರ ಇಣುಕುತ್ತದೆ. ಹಾಸಿಗೆಯ ಮೇಲೆ ಕಾಲು ಚಾಚಿ ಮಲಗಿದವರನ್ನು ಕಾಲಿನ ಕಡೆಯಿಂದ ಬರೆಯುವಾಗ ಎದುರಾಗುವ ಕಷ್ಟವೇ ಇಲ್ಲಿಯೂ ಎದುರಾಗುತ್ತದೆ. ಒಬ್ಬ ಮಾಡೆಲ್ಲನ್ನು ಕೂಡಿಸಲು ಆಗದ ಚಿಕ್ಕ ಊರಿನ ಶಾಲೆಗೆ ಇದಕ್ಕಿಂತ ಒಳ್ಳೆಯ ಗುರು ಸಿಗಲಾರದು.

ಅದರ ಚುಕ್ಕೆಗಳನ್ನು ಹೇಳಲೇಬೇಕು. ಮರಸೇಬಿನ ತೊಗಲಿನ ಮೇಲೆ ಸಣ್ಣ ಸಣ್ಣ ಕಂದು ಚುಕ್ಕೆಗಳಿರುತ್ತವೆ, ಹಣ್ಣು ಉಸಿರಾಡುವ ರಂಧ್ರಗಳು ಅವು. ನಮ್ಮ ಎದುರಿಗಿರುವ ಭಾಗದಲ್ಲಿ ಅವು ದುಂಡಗೆ, ವಿರಳವಾಗಿ ಕಾಣುತ್ತವೆ. ಅಂಚಿನ ಕಡೆಗೆ ಸರಿದಂತೆ ಉದ್ದವಾಗಿ, ಒತ್ತೊತ್ತಾಗಿ, ಕೊನೆಗೆ ಗೆರೆಗಳಂತಾಗಿ ಮಾಯವಾಗುತ್ತವೆ. ಇದಿಷ್ಟನ್ನು ಸರಿಯಾಗಿ ಕಂಡು ಇಟ್ಟರೆ ನೆರಳನ್ನೇ ಹಾಕದೆ ಹಣ್ಣನ್ನು ದುಂಡಗೆ ಮಾಡಬಹುದು. ಫೊರೆಲ್ ಎಂಬ ತಳಿಯಲ್ಲಿ ಹಳದಿ ಮೈಯ ಒಂದು ಬದಿಗೆ ಕೆಂಪು ಹರಡಿ, ಅದರ ಮೇಲೆ ಚುಕ್ಕೆಗಳು ಎದ್ದು ಕಾಣುತ್ತವೆ. ಕಾನ್ಫರೆನ್ಸ್ ಎಂಬ ಉದ್ದನೆಯ ತಳಿಗೆ ತುಕ್ಕಿನ ಬಣ್ಣದ ಒರಟು ತೊಗಲು. ಪ್ಯಾಕ್‌ಹ್ಯಾಮ್ ತಳಿ ಗಡ್ಡೆಗಡ್ಡೆಯಾಗಿ, ಬೆರಳಿನಿಂದ ಒತ್ತಿ ಮಾಡಿದ ಮಣ್ಣಿನ ಗೊಂಬೆಯ ಮೈ ಹೊಂದಿರುತ್ತದೆ. ನೀಲಗಿರಿಯ ಕಾಯಿಗೆ ಇಂಥ ಠೀವಿ ಇಲ್ಲ, ಆದರೆ ಅದರ ಬೂದು ಬೆರೆತ ಹಸಿರು ನನಗೆ ಎಲ್ಲಕ್ಕಿಂತ ಇಷ್ಟ. ಇಳಕಲ್ಲ ಸೀರೆಯ ಕೆಂಪು ಸೆರಗಿನ ಮೇಲೆ ಅದನ್ನು ಇಟ್ಟರೆ ಸೆರಗಿನ ಕೆಂಪು ಹಣ್ಣಿನ ಕೆಳಹೊಟ್ಟೆಗೆ ತಾಗಿ, ಹಸಿರು ಅಲ್ಲಿ ಹಸಿರಾಗಿಯೂ ಉಳಿಯದೆ ಕೆಂಪೂ ಆಗದೆ, ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣಕ್ಕೆ ಚೂರು ಅಲ್ಟ್ರಾಮರೀನ್ ನೀಲಿ ಬೆರೆಸಿದರೆ ಬರುವಂಥ ಬೆಚ್ಚನೆಯ ಮಣ್ಣಿನ ಬಣ್ಣವಾಗುತ್ತದೆ. ಆ ಒಂದು ಬೆರಳಗಲದ ಜಾಗಕ್ಕಾಗಿ ಇಡೀ ಬೆಳಗನ್ನು ಕೊಡಬಹುದು.

ಚಿತ್ರಕ್ಕೆ ಹಣ್ಣು ಆರಿಸುವವನೂ ತಿನ್ನುವುದಕ್ಕೆ ಆರಿಸುವವನೂ ಗಾಡಿಯ ಮುಂದೆ ಬೇರೆ ಬೇರೆ ರೀತಿಯಲ್ಲಿ ನಿಲ್ಲುತ್ತಾರೆ. ನಾನು ಯಾವಾಗಲೂ ಕೊಳ್ಳುವ ಗಾಡಿಯವರು ಹಿರಿಯರು, ನನ್ನ ಹುಚ್ಚು ಅವರಿಗೆ ರೂಢಿಯಾಗಿದೆ. ಆದರೂ ಮೊನ್ನೆ ಕೇಳಿದರು: ‘ಸರ, ಇವತ್ತ ತಿನ್ನಾಕ ಮೆತ್ತಗಿನ್ವು ಅದಾವ ನೋಡ್ರಿ, ಅವನ್ನ ಬಿಟ್ಟು ಕಲ್ಲಿನಂಥವ್ನ ಆರಸಾಕ್ಹತ್ತೀರಲ್ಲ?’ ‘ಕಾಕಾ, ಇವು ಮೊದಲ ಚಿತ್ರಕ್ಕ, ಆಮ್ಯಾಗ ತಿನ್ನಾಕ. ದೇಟು ಮುರದಿರಬಾರದು, ಅಷ್ಟ ನೋಡಿ ಕೊಡ್ರಿ’ ಎಂದೆ. ಅವರು ಕೆಳಗಿನ ಬುಟ್ಟಿಯಿಂದ ತೊಟ್ಟು ಬಾಗಿದ, ಒಂದಕ್ಕೊಂದು ಹೋಲದ ಹಣ್ಣುಗಳನ್ನು ತಾವೇ ಹುಡುಕಿ ಹೊರಗೆ ತೆಗೆದಿಟ್ಟರು. ಮಾರುವವರು ಸಾಮಾನ್ಯವಾಗಿ ಹಿಂದೆ ಸರಿಸುವ ವಂಕಿ ಹಣ್ಣೇ ಚಿತ್ರದವನಿಗೆ ಬೇಕಾದದ್ದು ಎಂದು ಅವರಿಗೆ ತಿಳಿದುಹೋಗಿದೆ. ತೊಟ್ಟು ಇಲ್ಲದ ಮರಸೇಬನ್ನು ನಾನು ಬರೆಯುವುದಿಲ್ಲ; ಅದರ ವಾಲಿಕೆಗೆ ಉತ್ತರ ಕೊಡುವುದು ತೊಟ್ಟಿನ ಓರೆ.

ಕಲ್ಲಿನಂಥ ಹಣ್ಣು ಬೇಕಾಗುವುದಕ್ಕೆ ಇನ್ನೊಂದು ಕಾರಣ, ಈ ಹಣ್ಣಿನ ಮಾಗುವ ಬಗೆ. ಬಬ್ಬುಗೋಶಾದಂಥ ಉದ್ದ ಕೊರಳಿನ ಮರಸೇಬುಗಳನ್ನು ಗಿಡದಲ್ಲಿಯೇ ಹಣ್ಣಾಗಲು ಬಿಡುವುದಿಲ್ಲ. ಬಿಟ್ಟರೆ ನಡುವಿನ ಬೀಜದ ಗುಂಡಿಗೆಯ ಸುತ್ತ ಕಂದುಗಟ್ಟಿ, ಹೊರಗೆ ಚೆನ್ನಾಗಿ ಕಾಣುತ್ತಿರುವಾಗಲೇ ಒಳಗೆ ಹಾಳಾಗಿರುತ್ತದೆ. ಬಲಿತ ಕೂಡಲೇ ಗಟ್ಟಿಯಾಗಿರುವಾಗ ಕಿತ್ತು, ತಂಪಿನಲ್ಲಿಟ್ಟು, ಆಮೇಲೆ ಮನೆಯ ಬೆಚ್ಚಗೆಯಲ್ಲಿ ಹಣ್ಣು ಮಾಡುತ್ತಾರೆ. ಆಗ ಒಳಗಿನ ಪಿಷ್ಟ ಸಕ್ಕರೆಯಾಗುತ್ತ, ಮೈ ಒಳಗಿನಿಂದ ಹೊರಗೆ ಮೆತ್ತಗಾಗುತ್ತ ಬರುತ್ತದೆ. ಆದ್ದರಿಂದ ಹೊಟ್ಟೆಯನ್ನು ಒತ್ತಿ ನೋಡಿದರೆ ತಡವಾಗಿರುತ್ತದೆ. ತೊಟ್ಟಿನ ಬುಡದಲ್ಲಿ ಕೊರಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಾಗ ತುಸು ಬಗ್ಗಿದರೆ ಅದು ತಿನ್ನುವ ದಿನ. ದುಂಡನೆಯ ಗರಿಗರಿ ಜಾತಿಯ ಪೂರ್ವದೇಶದ ಮರಸೇಬಿಗೆ ಈ ಕಟ್ಟುಪಾಡು ಇಲ್ಲ, ಅದನ್ನು ಗಿಡದಿಂದ ಕಿತ್ತು ಹಾಗೆಯೇ ತಿನ್ನಬಹುದು.

ನಮ್ಮ ಊರಿನ ಬಿಸಿಲಿನಲ್ಲಿ ಈ ಮಾಗುವಿಕೆ ಅವಸರದಿಂದ ನಡೆಯುತ್ತದೆ. ಬೆಳಿಗ್ಗೆ ಹಸಿರಿನಲ್ಲಿ ಬಿಟ್ಟು ಹೋದ ಭುಜ ಮರುದಿನ ಹೊತ್ತಿಗೆ ಹಳದಿಗೆ ತಿರುಗಿರುತ್ತದೆ. ಫ್ರಿಜ್ಜಿನಲ್ಲಿಟ್ಟು ತಡೆಯಬಹುದು, ಹಾಗೆ ಮಾಡುವ ಗೆಳೆಯರಿದ್ದಾರೆ. ಮೇಣದ ಹಣ್ಣು, ಪ್ಲಾಸ್ಟಿಕ್ ಹಣ್ಣು ಇಟ್ಟುಕೊಳ್ಳುವವರೂ ಇದ್ದಾರೆ. ನಾನು ಅವೆರಡನ್ನೂ ಒಪ್ಪುವುದಿಲ್ಲ. ಎದುರಿಗೆ ಇಟ್ಟದ್ದು ನಮ್ಮ ಕಣ್ಣ ಮುಂದೆಯೇ ಬೇರೆಯಾಗುತ್ತಿದೆ ಎಂಬ ಅರಿವು ಕುಂಚಕ್ಕೆ ಒಂದು ಬಗೆಯ ತೀವ್ರತೆ ಕೊಡುತ್ತದೆ. ನನ್ನ ನಿಯಮ ಇಷ್ಟೇ: ಕೊರಳು ಬಗ್ಗುವವರೆಗೆ ಬರೆಯಬೇಕು, ಬಗ್ಗಿದ ದಿನ ಕುಂಚವನ್ನು ತೊಳೆದಿಟ್ಟು ಹಣ್ಣನ್ನು ತಿನ್ನಬೇಕು. ಕ್ಯಾನ್ವಾಸು ಮುಗಿಯದಿದ್ದರೆ ಮುಗಿಯದೆ ಇರಲಿ. ತಿದ್ದಿ ತಿದ್ದಿ ಕೊಲ್ಲುವ ಚಟದಿಂದ ಎಷ್ಟೋ ಚಿತ್ರಗಳನ್ನು ಈ ನಿಯಮ ಕಾಪಾಡಿದೆ ಎಂದು ನಾನು ನಂಬಿದ್ದೇನೆ.

ಫ್ರಾನ್ಸಿನ ಚಿತ್ರಕಾರ ಪೋಲ್ ಸೆಜಾನ್ ನನ್ನ ಈ ಮಾತನ್ನು ಒಪ್ಪುತ್ತಿರಲಿಲ್ಲವೇನೋ. ಅವನ ನಿಧಾನಕ್ಕೆ ಹಣ್ಣುಗಳು ಕಾಯುತ್ತಿರಲಿಲ್ಲ, ಮೇಜಿನ ಮೇಲೆಯೇ ಕೊಳೆಯುತ್ತಿದ್ದವು. ಆದರೆ ಮರಸೇಬಿನ ವಾಲಿಕೆಯನ್ನು ಅವನಷ್ಟು ಚೆನ್ನಾಗಿ ಕಂಡವರು ಬಹಳ ಜನರಿಲ್ಲ. 1895ರಲ್ಲಿ ಪ್ಯಾರಿಸ್ಸಿನ ವೊಲಾರ್ ಎಂಬ ವ್ಯಾಪಾರಿ ಅವನ ಪ್ರದರ್ಶನ ಏರ್ಪಡಿಸಿದಾಗ ಮರಸೇಬುಗಳ ಒಂದು ಚಿಕ್ಕ ಜಲವರ್ಣದ ಮೇಲೆ ದೆಗಾ ಮತ್ತು ರೆನ್ವಾರ್ ಇಬ್ಬರೂ ಮನಸ್ಸಿಟ್ಟರು, ಯಾರಿಗೆ ಎಂದು ಚೀಟಿ ಎತ್ತಿ ತೀರ್ಮಾನಿಸಿದರು, ಅದು ದೆಗಾನ ಪಾಲಿಗೆ ಬಂತು. ಚಿತ್ರಕಾರ ಮಾನೆಯ ತಮ್ಮನ ಮಗಳು ಜೂಲಿ ಇದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ಮೂರು ಮರಸೇಬುಗಳ ಆ ಹಾಳೆ ಬಹಳ ಕಾಲ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕಲಾಸಂಗ್ರಹಾಲಯದಲ್ಲಿ ಇತ್ತು. ಇಬ್ಬರು ಮಹಾ ಚಿತ್ರಕಾರರು ಮೂರು ಹಣ್ಣುಗಳ ಹಾಳೆಗಾಗಿ ಚೀಟಿ ಎತ್ತುವುದನ್ನು ನೆನೆದಾಗಲೆಲ್ಲ ನನಗೆ ಈ ವೃತ್ತಿಯ ಮೇಲೆ ಗೌರವ ಹೆಚ್ಚುತ್ತದೆ.

ಇದೇ ದೆಗಾ ತನ್ನ ಮನೆಯಲ್ಲಿ ಹಿರಿಯ ಚಿತ್ರಕಾರ ಆಂಗ್ರ್ ಬರೆದ ಜ್ಯೂಪಿಟರ್ ದೇವನ ಪಕ್ಕದಲ್ಲಿ ಮಾನೆ ಬರೆದ ಒಂದು ಮರಸೇಬನ್ನು ತೂಗುಹಾಕಿದ್ದನಂತೆ, ಹೀಗೆ ಬರೆದ ಮರಸೇಬಿನ ಮುಂದೆ ಯಾವ ದೇವರೂ ನಿಲ್ಲಲಾರ ಎಂಬರ್ಥದ ಮಾತು ಆಡಿದ್ದನಂತೆ. ಐರಿಷ್ ಲೇಖಕ ಜಾರ್ಜ್ ಮೂರ್ ಇದನ್ನು ದಾಖಲಿಸಿದ್ದಾನೆ. ದೇವರನ್ನು ಕೆಳಗಿಳಿಸುವ ಆಸೆ ನನಗಿಲ್ಲ. ಆದರೆ ಆ ಮಾತಿನ ಒಳಗಿರುವುದು ನಾನು ಮೇಲೆ ಹೇಳಿದ್ದೇ ಆಗಿದೆ: ಯಾವ ಕಥೆಯ ಆಸರೆಯೂ ಇಲ್ಲದೆ, ಬರೀ ನೋಟದ ಬಲದಿಂದ ನಿಂತ ವಸ್ತು ಕಥೆಯ ಬಲದಿಂದ ನಿಂತ ದೊಡ್ಡ ಚಿತ್ರಕ್ಕೆ ಸರಿಸಮವಾಗಿ ನಿಲ್ಲಬಲ್ಲದು. ಇದಕ್ಕೆ ಎದುರಾದ ಇನ್ನೊಂದು ದಾರಿಯೂ ಇದೆ. ಫ್ಲಾರೆನ್ಸಿನ ಬಾರ್ತೊಲೊಮೆಯೊ ಬಿಂಬಿ 1699ರಲ್ಲಿ ಮೆದಿಚಿ ಮನೆತನದ ಮೂರನೆಯ ಕೊಸಿಮೊ ದೊರೆಗಾಗಿ ಒಂದೇ ಕ್ಯಾನ್ವಾಸಿನಲ್ಲಿ 115 ತಳಿಯ ಮರಸೇಬುಗಳನ್ನು ಹೆಸರುಗಳ ಸಮೇತ ಬರೆದ. ತೋಟಗಾರಿಕೆಯವರಿಗೆ ಅದು ಅಮೂಲ್ಯ ದಾಖಲೆ. ಚಿತ್ರವಾಗಿ ನನಗೆ ಅದು ಸಂತೆಯ ದಿನದ ಗದ್ದಲವಾಗಿ ಕಾಣುತ್ತದೆ, ಮಾನೆಯ ಒಂಟಿ ಹಣ್ಣೇ ಸಾಕೆನಿಸುತ್ತದೆ.

ವಸ್ತುಚಿತ್ರವೆಂದರೆ ಪರದೇಶದ ಆಮದು ಎಂದು ಭಾವಿಸುವವರು ನಮ್ಮ ಊರಿನ ಜುಮ್ಮಾ ಮಸೀದಿಯ ಒಳಗೆ ಒಮ್ಮೆ ಹೋಗಿ ಬರಬೇಕು. ಅಲ್ಲಿಯ ಮಿಹ್ರಾಬಿನ (ಮೆಕ್ಕಾದ ದಿಕ್ಕು ತೋರುವ ಗೋಡೆಯ ಕಮಾನಿನ) ಮೇಲೆ ಮುಹಮ್ಮದ್ ಆದಿಲ್ ಶಾಹನ ಆಳ್ವಿಕೆಯಲ್ಲಿ, 1636ರಲ್ಲಿ, ಬಂಗಾರದ ಲೇಪದೊಂದಿಗೆ ಮಾಡಿದ ಅಲಂಕಾರವಿದೆ. ಗೋಡೆಯೊಳಗೆ ಮಾಡಗಳಿದ್ದು ಅವುಗಳಲ್ಲಿ ಪುಸ್ತಕಗಳನ್ನು, ಹೂದಾನಿಗಳನ್ನು ಇಟ್ಟಂತೆ ಕಾಣುತ್ತದೆ. ಹತ್ತಿರ ಹೋದರೆ ಮಾಡವೂ ಇಲ್ಲ, ಪುಸ್ತಕವೂ ಇಲ್ಲ, ಎಲ್ಲವೂ ಕೈಚಳಕ. ಮನುಷ್ಯರ ರೂಪವನ್ನು ಬರೆಯಬಾರದ ಜಾಗದಲ್ಲಿ ಆ ಕಲಾವಿದರು ಸುಮ್ಮನಿದ್ದ ವಸ್ತುಗಳಿಂದಲೇ ಗೋಡೆಯನ್ನು ತುಂಬಿದರು. ಎದುರಿಗೆ ಇರುವುದನ್ನು ನೋಡಿ ಬರೆಯುವ ಶಿಸ್ತು ಹಿಂದಿನ ಶತಮಾನದಲ್ಲಿ ಬೆಳಗಾವಿಯಲ್ಲಿ ಕೆ. ಬಿ. ಕುಲಕರ್ಣಿಯವರ ಚಿತ್ರಮಂದಿರ ಎಂಬ ಕಲಾಶಾಲೆಯಿಂದ ಈ ಭಾಗದ ಎಷ್ಟೋ ಕೈಗಳಿಗೆ ಬಂತು. ನಾನು ಮರಸೇಬಿನ ಮುಂದೆ ಕೂಡುವಾಗ ಸೆಜಾನನಷ್ಟೇ ಈ ಎರಡು ಮನೆತನಗಳಿಗೂ ಋಣಿಯಾಗಿರುತ್ತೇನೆ.

ಈಗ ತಿನ್ನುವ ಮಾತು. ಮರಸೇಬನ್ನು ತಿನ್ನದೆ ಬರೆಯಬಹುದು, ಆದರೆ ತಿಂದವನು ಬರೆದ ತೊಗಲಿಗೂ ತಿನ್ನದವನು ಬರೆದ ತೊಗಲಿಗೂ ವ್ಯತ್ಯಾಸ ಇರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಲ್ಲಿಗೆ ಸಿಗುವ ಆ ನುಣ್ಣನೆಯ ಮರಳಿನಂಥ ಅನುಭವ, ತಿರುಳಿನಲ್ಲಿ ಗುಂಪುಗುಂಪಾಗಿ ಕುಳಿತಿರುವ ಗಟ್ಟಿ ಗೋಡೆಯ ಕಲ್ಲುಕೋಶಗಳದ್ದು. ತೊಗಲಿನ ಅಡಿಯಲ್ಲಿಯೂ ಗುಂಡಿಗೆಯ ಸುತ್ತಲೂ ಅವು ಹೆಚ್ಚು. ಸೇಬಿನಲ್ಲಿ ಬೆಳಕು ಮೇಲಿನ ನುಣುಪಿಗೆ ತಾಗಿ ಥಟ್ಟನೆ ಹಿಂದಿರುಗುತ್ತದೆ, ಮರಸೇಬಿನಲ್ಲಿ ಹೊಳಪು ಅಗಲವಾಗಿ, ಮಂದವಾಗಿ ಹರಡಿಕೊಳ್ಳುತ್ತದೆ. ನಾಲಿಗೆ ಆ ಒರಟನ್ನು ಬಲ್ಲದ್ದಾದರೆ ಕೈ ತಾನಾಗಿಯೇ ಬಿಳಿಯ ಬಣ್ಣವನ್ನು ಒಣಕುಂಚದಿಂದ ಎಳೆಯುತ್ತದೆ, ಹಸಿ ಬಣ್ಣದ ಚುಕ್ಕೆ ಇಡುವುದಿಲ್ಲ.

ಕೊಯ್ದ ಮರಸೇಬನ್ನು ಬರೆಯುವುದು ಇನ್ನೂ ಅವಸರದ ಕೆಲಸ. ಗಾಳಿ ತಾಗಿದ ಕೂಡಲೇ ಅದರ ಬಿಳಿ ಮೈ ಕಂದಾಗತೊಡಗುತ್ತದೆ. ಇಲ್ಲಿ ಇಂಡಿಯ ಲಿಂಬೆ ಉಪಕಾರಕ್ಕೆ ಬರುತ್ತದೆ: ಹೋಳಿನ ಮೇಲೆ ಅದರ ರಸವನ್ನು ಸವರಿದರೆ ಕಂದಾಗುವುದು ತಡವಾಗುತ್ತದೆ, ರುಚಿಯೂ ಏರುತ್ತದೆ. 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಮ್ಮ ಲಿಂಬೆ ಹೀಗೆ ದೂರದ ಹಣ್ಣಿನ ಬಣ್ಣ ಕಾಯುತ್ತ ಚಿತ್ರದ ಮೇಜಿನ ಮೇಲೆ ತನ್ನ ಜಾಗವನ್ನೂ ಪಡೆದುಕೊಂಡಿದೆ.

ಬಬ್ಬುಗೋಶಾ ಚೆನ್ನಾಗಿ ಮಾಗಿದಾಗ ಅದಕ್ಕೆ ಏನನ್ನೂ ಬೆರೆಸಬಾರದು. ತೊಗಲು ತೆಗೆಯದೆ, ಉದ್ದಕ್ಕೆ ನಾಲ್ಕು ಹೋಳು ಮಾಡಿ, ಕೈಗೆ ರಸ ಇಳಿಯುವಂತೆಯೇ ತಿನ್ನಬೇಕು. ಜೋಳದ ರೊಟ್ಟಿಯ ಊಟದಲ್ಲಿ ಕೆನೆಮೊಸರು, ಗುರೆಳ್ಳು ಹಿಂಡಿಯ ಪಕ್ಕದಲ್ಲಿ ಎರಡು ಹೋಳು ಇಟ್ಟುಕೊಂಡರೆ ಹಿಂಡಿಯ ಖಾರಕ್ಕೂ ಹಣ್ಣಿನ ತಂಪಿಗೂ ಹೊಂದುವ ಹೊಂದಾಣಿಕೆ ಬಾಯಿಗೆ ಮಾತ್ರ ಗೊತ್ತು. ಹಿಂಡಿಯ ಕಪ್ಪು, ಮೊಸರಿನ ಬಿಳುಪು, ಹೋಳಿನ ತೆಳುಹಳದಿಗಳನ್ನು ನೋಡುತ್ತ ಎಷ್ಟೋ ಸಲ ನನ್ನ ರೊಟ್ಟಿ ಆರಿದೆ. ನೀಲಗಿರಿಯ ಗಟ್ಟಿ ಕಾಯಿಯ ದಾರಿ ಬೇರೆ. ಅದನ್ನು ಸಣ್ಣಗೆ ಹೆಚ್ಚಿ, ನೆನೆದ ಹೆಸರುಬೇಳೆ, ಹಸಿಕೊಬ್ಬರಿ, ಕೊತ್ತಂಬರಿ, ಲಿಂಬೆರಸ ಸೇರಿಸಿ, ಸಾಸಿವೆ ಒಗ್ಗರಣೆ ಕೊಟ್ಟರೆ ಸೌತೆಕಾಯಿಯ ಕೋಸಂಬರಿಗಿಂತ ಒಂದು ಕೈ ಮೇಲಾಗುತ್ತದೆ. ಶಾಲೆಯ ಮಕ್ಕಳು ಅದನ್ನು ಉಪ್ಪು-ಖಾರದ ಪುಡಿ ಹಚ್ಚಿಕೊಂಡು ತಿನ್ನುತ್ತಾರೆ, ಅದೂ ಚೆನ್ನ.

ಚಿತ್ರ ಮುಗಿದ ಮೇಲೆ ಉಳಿಯುವ ಗಟ್ಟಿ ಕಾಯಿಗಳಿಗೆ ನಮ್ಮ ಮನೆಯವರು ಕಂಡುಕೊಂಡ ಉಪಾಯ ಗುಳಂಬ. ಮಾವಿನಕಾಯಿಗೆ ಮಾಡುವಂತೆಯೇ ಸಿಪ್ಪೆ ತೆಗೆದು ತುರಿದು, ಮೊದಲು ತನ್ನದೇ ನೀರಿನಲ್ಲಿ ಬೇಯಿಸಿ, ಆಮೇಲೆ ಮಹಾಲಿಂಗಪುರದ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ತಿರುವುತ್ತ ಹೋಗಬೇಕು. ಮರಸೇಬಿನಲ್ಲಿ ಮಾವಿನ ಹುಳಿ ಇಲ್ಲದಿರುವುದರಿಂದ ಬೆಲ್ಲ ಕಡಿಮೆ ಸಾಕು, ಲಿಂಬೆರಸ ಮಾತ್ರ ಬೇಕೇ ಬೇಕು. ಎರಡು ಲವಂಗ, ಸ್ವಲ್ಪ ಯಾಲಕ್ಕಿ. ಕುದಿಯುತ್ತ ಹೋದಂತೆ ತುರಿ ಮೊದಲು ಬಿಳಿಯಾಗಿದ್ದದ್ದು ಓಕರ್ ಎಂಬ ಮಣ್ಣುಹಳದಿಯಾಗಿ, ಓಕರ್‌ನಿಂದ ಸಿಯೆನ್ನಾಕ್ಕೆ ಇಳಿದು, ಕೊನೆಗೆ ಸೆರಗಿನ ಕೆಂಪು ತಾಗಿದ ಆ ಕೆಳಹೊಟ್ಟೆಯ ಬಣ್ಣಕ್ಕೆ ಬರುತ್ತದೆ. ಅಷ್ಟು ಹೊತ್ತಿಗೆ ಒಲೆ ಆರಿಸಬೇಕು, ಇಲ್ಲದಿದ್ದರೆ ಬೆಲ್ಲ ಪಾಕವೇರಿ ಗಟ್ಟಿಯಾಗುತ್ತದೆ. ಬಿಸಿ ಚಪಾತಿಗೆ ತುಪ್ಪದ ಜೊತೆ ಹಚ್ಚಿಕೊಂಡು ತಿನ್ನಲು ಇದು ಬಹಳ ಚೆನ್ನಾಗಿರುತ್ತದೆ, ಮತ್ತು ಬೇಸಿಗೆಯ ರಜೆಯಲ್ಲಿ ಚಿತ್ರ ಕಲಿಯಲು ಬರುವ ಮಕ್ಕಳು ಈಗ ಈಸೆಲ್ಲನ್ನು ಮಡಚುವ ಮೊದಲೇ ಇದನ್ನು ಕೇಳುತ್ತಾರೆ.